ಬಳ್ಳಾರಿಯ ದಾವೆಯಿಂದ ಪೌತಿ ಖಾತೆಯವರೆಗೆ: ಕ್ರೈಸ್ತ ಉತ್ತರಾಧಿಕಾರದ ಒಂದು ಅವಲೋಕನ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಭಾಗದ ಕ್ರೈಸ್ತ ಕುಟುಂಬವೊಂದರಲ್ಲಿ ಮನೆಯ ಯಜಮಾನ ತೀರಿಕೊಂಡಾಗ ಗುರುಗಳಾದ ನಾವು ಅಂತ್ಯಕ್ರಿಯೆಯನ್ನೂ ಸ್ಮರಣೆಯ ಬಲಿಪೂಜೆಯನ್ನೂ ನೆರವೇರಿಸಿ ಹಿಂದಿರುಗುತ್ತೇವೆ. ಆ ಬಳಿಕ ಕುಟುಂಬದವರು ಮರಣ ಪ್ರಮಾಣಪತ್ರ, ವಂಶವೃಕ್ಷ, ಜಮೀನಿನ ಪೌತಿ ಖಾತೆಗಾಗಿ ನಾಡಕಚೇರಿಯ ಮೆಟ್ಟಿಲು ಹತ್ತುತ್ತಾರೆ. ವಂಶವೃಕ್ಷದಲ್ಲಿ ಗಂಡುಮಕ್ಕಳ ಹೆಸರನ್ನಷ್ಟೇ ಬರೆಸಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ಬಿಟ್ಟುಬಿಡುವುದನ್ನು ನಾವು ಕಂಡಿದ್ದೇವೆ. ಅದು ಅವರ ಮನೆಯ ವಿಷಯವೆಂದು ಸುಮ್ಮನಿದ್ದುದೂ ಉಂಟು. ಈ ಮೌನ ಸರಿಯೇ? ಉತ್ತರಕ್ಕಾಗಿ ಇತಿಹಾಸವನ್ನು ನೋಡಬೇಕು. ಆ ಇತಿಹಾಸದ ಮುಖ್ಯ ಅಧ್ಯಾಯವೊಂದು ಜಗಳೂರಿಗೆ ನೆರೆಯಾದ ಬಳ್ಳಾರಿ ಸೀಮೆಯಲ್ಲೇ ನಡೆಯಿತು.

ಬಳ್ಳಾರಿ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ವ್ಯಾಪಾರದಿಂದ ಸಿರಿವಂತನಾಗಿದ್ದ ಮ್ಯಾಥ್ಯೂ ಅಬ್ರಹಾಂ ಎಂಬ ದೇಶೀಯ ಕ್ರೈಸ್ತನು 1842ರಲ್ಲಿ ಉಯಿಲು ಬರೆಯದೆ ತೀರಿಕೊಂಡನು. ಅವನ ವಿಧವೆ ಶಾರ್ಲೆಟ್‌ಗೂ ತಮ್ಮ ಫ್ರಾನ್ಸಿಸ್‌ಗೂ ಆಸ್ತಿಯ ವ್ಯಾಜ್ಯ ಹುಟ್ಟಿತು. ತಮ್ಮದು ಹಿಂದೂ ಪದ್ಧತಿಯ ಅವಿಭಕ್ತ ಕುಟುಂಬವೆಂಬುದು ಫ್ರಾನ್ಸಿಸನ ವಾದ. ದಾವೆಯು ಲಂಡನ್ನಿನ ಪ್ರಿವಿ ಕೌನ್ಸಿಲ್ ತಲುಪಿತು. 1863ರ ತೀರ್ಪಿನ ಸಾರವಿಷ್ಟು: ಮತಾಂತರದೊಡನೆ ಹಿಂದೂ ಕಾನೂನಿನ ಬದ್ಧತೆ ಕೊನೆಗೊಳ್ಳುತ್ತದೆ, ಆದರೆ ಕ್ರೈಸ್ತನಾದವನು ಹಳೆಯ ಪದ್ಧತಿಯನ್ನು ತೊರೆಯಲೂಬಹುದು, ಉಳಿಸಿಕೊಳ್ಳಲೂಬಹುದು, ಅವನ ಬಾಳಿನ ರೀತಿಯೇ ಅದಕ್ಕೆ ಸಾಕ್ಷಿ. ಮ್ಯಾಥ್ಯೂವಿನ ಬಾಳಿನ ರೀತಿ ಬೇರೆಯಾಗಿದ್ದುದರಿಂದ ಅವಿಭಕ್ತ ಕುಟುಂಬದ ವಾದ ನಿಲ್ಲಲಿಲ್ಲ.

ಎರಡೇ ವರ್ಷಗಳಲ್ಲಿ ಬ್ರಿಟಿಷ್ ಇಂಡಿಯಾದ ಶಾಸನವು ಈ ಆಯ್ಕೆಗೆ ತೆರೆ ಎಳೆಯಿತು. 1865ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲಿಲ್ಲದೆ ಸತ್ತ ಕ್ರೈಸ್ತನ ಆಸ್ತಿಯಲ್ಲಿ ಮೂರನೆಯ ಒಂದು ಭಾಗ ವಿಧವೆಗೆ, ಉಳಿದ ಎರಡು ಭಾಗ ಮಕ್ಕಳಿಗೆ. ಮಗ, ಮಗಳು ಎಂಬ ಭೇದವಿಲ್ಲ. 1925ರ ಕಾಯಿದೆಯೂ ಇದನ್ನೇ ಉಳಿಸಿಕೊಂಡಿತು. ಸಂಸ್ಥಾನಗಳ ಕಥೆ ಬೇರೆ. ತಿರುವಾಂಕೂರಿನ ಕ್ರೈಸ್ತ ಕಾಯಿದೆಯು ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವುಗಳಲ್ಲಿ ಕಡಿಮೆಯಾದುದನ್ನಷ್ಟೇ ನೀಡುತ್ತಿತ್ತು. 1951ರ ಏಪ್ರಿಲ್ 1ರಂದು ಮೈಸೂರು ಮತ್ತು ತಿರುವಾಂಕೂರು-ಕೊಚ್ಚಿ ಸೇರಿದಂತೆ 'ಬಿ' ಭಾಗದ ರಾಜ್ಯಗಳಿಗೆ ಕೇಂದ್ರದ ಶಾಸನಗಳು ವಿಸ್ತರಿಸಿದವು. ಅಂದಿನಿಂದಲೇ ತಿರುವಾಂಕೂರಿನ ಕಾಯಿದೆ ಅಳಿಯಿತೆಂದು ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಮೇರಿ ರಾಯ್ ಪ್ರಕರಣದಲ್ಲಿ ಹೇಳಿತು. ಹೀಗೆ ಹಳೆಯ ಮೈಸೂರಿಗೆ ಸೇರಿದ ನಮ್ಮ ನಾಲ್ಕು ತಾಲ್ಲೂಕುಗಳ ಕ್ರೈಸ್ತ ಹೆಣ್ಣುಮಗಳೂ ಈ ಕಾಯಿದೆಯ ಅಡಿಯಲ್ಲಿ ಸಮಾನ ಪಾಲಿನ ಹಕ್ಕುದಾರಳು.

ಉಯಿಲಿದ್ದಾಗ ತೊಡಕು ಬೇರೆ ಬಗೆಯದಾಗಿತ್ತು. ಚನ್ನಗಿರಿಯ ಹಿಂದೂ ರೈತನು ಅಲ್ಲಿನ ತನ್ನ ಹೊಲದ ಬಗ್ಗೆ ಬರೆದ ಉಯಿಲಿಗೆ ಪ್ರೊಬೇಟ್ ಕಡ್ಡಾಯವಿರಲಿಲ್ಲ. ಪಕ್ಕದ ಹೊಲದ ಕ್ರೈಸ್ತನ ಉಯಿಲಿನಂತೆ ನ್ಯಾಯಾಲಯದಲ್ಲಿ ಹಕ್ಕು ಸ್ಥಾಪಿಸಲು ಪ್ರೊಬೇಟ್ ಬೇಕೇಬೇಕಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮೊದಲು ಚನ್ನಗಿರಿ, ಹೊನ್ನಾಳಿಯವರಿಗೆ ಶಿವಮೊಗ್ಗವೂ ಜಗಳೂರಿನವರಿಗೆ ಚಿತ್ರದುರ್ಗವೂ ಜಿಲ್ಲಾ ಕೇಂದ್ರಗಳಾಗಿದ್ದವು. 2002ರ ತಿದ್ದುಪಡಿಯು ಭಾರತೀಯ ಕ್ರೈಸ್ತರನ್ನು ಈ ಕಡ್ಡಾಯದಿಂದ ಬಿಡಿಸಿತು.

ಗುರುಗಳಾದ ನಮಗೆ ನೇರವಾಗಿ ತಟ್ಟುವುದು 118ನೆಯ ಪ್ರಕರಣ. ಹತ್ತಿರದ ಬಂಧುಗಳಿರುವ ಕ್ರೈಸ್ತನು ಧರ್ಮಕಾರ್ಯಕ್ಕೆ ಆಸ್ತಿ ಬರೆಯಬೇಕಾದರೆ, ಮರಣಕ್ಕೆ ಕನಿಷ್ಠ 12 ತಿಂಗಳು ಮೊದಲೇ ಉಯಿಲು ಬರೆದು, ಬರೆದ 6 ತಿಂಗಳೊಳಗೆ ಅದನ್ನು ಕಾನೂನಿನಂತೆ ಸುರಕ್ಷಿತವಾಗಿ ಠೇವಣಿ ಇಡಬೇಕಿತ್ತು. ಸಾಯುವವನ ಹಾಸಿಗೆಯ ಬಳಿ ನಿಂತ ಪಾದ್ರಿಯ ಬಗೆಗಿನ ಹಳೆಯ ಇಂಗ್ಲಿಷ್ ಸಂಶಯ ಅದರಲ್ಲಿತ್ತು. ಕೇರಳದ ಗುರು ಜಾನ್ ವಳ್ಳಮಟ್ಟಂ ಅವರ ಅರ್ಜಿಯ ಮೇಲೆ, ಇದು ಸಮಾನತೆಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ರದ್ದುಗೊಳಿಸಿತು. ತೀರ್ಪು ನ್ಯಾಯವೇ. ಆದರೆ ಕಾನೂನು ಕೈಬಿಟ್ಟ ಕಾವಲನ್ನು ಇನ್ನು ನಮ್ಮ ಅಂತಃಸಾಕ್ಷಿಯೇ ವಹಿಸಬೇಕಾಗಿದೆ.

ಹಾಗಾದರೆ ನಾವು ಮಾಡಬೇಕಾದುದೇನು? ಧರ್ಮಸಭೆಯ ಕಾನೂನು ಸಂಹಿತೆಯ 1299ನೆಯ ನಿಯಮವು ಪುಣ್ಯಕಾರ್ಯಕ್ಕಾಗಿ ಬರೆಯುವ ಉಯಿಲಿನಲ್ಲಿ ಸಾಧ್ಯವಾದಷ್ಟೂ ನಾಡಿನ ಕಾನೂನಿನ ವಿಧಿಗಳನ್ನು ಪಾಲಿಸಬೇಕೆನ್ನುತ್ತದೆ. ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ಸಾಕ್ಷಿ ಹಾಕಿದವನಿಗೇ ಏನಾದರೂ ಬರೆದಿದ್ದರೆ ಆ ಕೊಡುಗೆ ಅಸಿಂಧು. ಆದ್ದರಿಂದ ನಮಗೆ ಲಾಭವಿರುವ ಉಯಿಲಿಗೆ ನಾವು ಸಹಿ ಹಾಕಬಾರದು. ಧರ್ಮಕೇಂದ್ರಕ್ಕೆ ಲಾಭವಿದ್ದಾಗಲೂ ದೂರವಿರುವುದೇ ಲೇಸು. ಉಯಿಲಿನ ಮಾತನ್ನು ಜನರು ಆರೋಗ್ಯವಾಗಿರುವಾಗಲೇ ಎತ್ತಬೇಕು. ಪೌತಿ ಖಾತೆಯು ಕಂದಾಯ ದಾಖಲೆಯೇ ಹೊರತು ಒಡೆತನದ ಕೊನೆಯ ತೀರ್ಮಾನವಲ್ಲವೆಂದೂ, ವಂಶವೃಕ್ಷದಲ್ಲಿ ಹೆಸರು ಬಿಟ್ಟರೆ ಹಕ್ಕು ಅಳಿಯುವುದಿಲ್ಲವೆಂದೂ ವಿಧವೆಗೂ ಹೆಣ್ಣುಮಕ್ಕಳಿಗೂ ತಿಳಿಸಬೇಕು. ಮಗಳು ತನ್ನ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವುದಾದರೆ, ತಿಳಿದು, ಮನಃಪೂರ್ವಕವಾಗಿ, ಹಕ್ಕು ಬಿಡುಗಡೆ ಪತ್ರದ ಮೂಲಕ ಬಿಟ್ಟುಕೊಡಲಿ.

ಆಸ್ತಿ ಹಂಚಿಕೊಡುವಂತೆ ಕೇಳಿದವನಿಗೆ ಪ್ರಭು ಯೇಸು ಪಾಲುಗಾರನಾಗಲು ಒಪ್ಪಲಿಲ್ಲವೆಂದು ಲೂಕನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಓದುತ್ತೇವೆ. ನಮ್ಮ ಮೌನಕ್ಕೆ ಅದನ್ನೇ ಆಧಾರ ಮಾಡಿಕೊಳ್ಳಲಾಗದು. ಅವರು ಒಡನೆಯೇ ದುರಾಶೆಯ ವಿರುದ್ಧ ಎಚ್ಚರಿಸಿದರು. ಸಂಖ್ಯಾಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಐವರು ಹೆಣ್ಣುಮಕ್ಕಳು ತಂದೆಯ ಪಾಲು ಕೇಳಿದಾಗ, ಅವರ ಕೋರಿಕೆ ನ್ಯಾಯವಾದುದೆಂದು ದೇವರೇ ಮೋಶೆಗೆ ತಿಳಿಸಿದರು. ಪಾಲು ಮಾಡುವುದು ನಮ್ಮ ಕೆಲಸವಲ್ಲ. ಆದರೆ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ನಾವೇ ಬರೆದ ಹೆಣ್ಣುಮಕ್ಕಳ ಹೆಸರು ತಂದೆಯ ವಂಶವೃಕ್ಷದಲ್ಲಿ ಇದೆಯೇ ಎಂದು ಕೇಳುವುದು ನಮ್ಮ ಕೆಲಸವೇ.