ತಳಿಯ ಹೆಸರು, ನಾಯಿಯ ನಡತೆ

ಬೊಗಳುವ ನಾಯಿ ಕಚ್ಚುವುದಿಲ್ಲ ಎನ್ನುತ್ತದೆ ನಮ್ಮ ಗಾದೆ. ಅದನ್ನು ನಂಬಿಕೊಂಡು ಬೀದಿನಾಯಿಯ ಹತ್ತಿರ ಹೋಗುವ ಧೈರ್ಯ ನಮ್ಮಲ್ಲಿ ಹೆಚ್ಚಿನವರಿಗಿಲ್ಲ. ಆದರೂ ಗಾದೆಯೊಳಗೊಂದು ತಿಳಿವಳಿಕೆಯಿದೆ. ನಾಯಿಯನ್ನು ಅಳೆಯಬೇಕಾದ್ದು ಅದು ಏನು ಮಾಡುತ್ತದೆ ಎಂಬುದರಿಂದ. ಈ ಅಳತೆಯನ್ನು ಬದಿಗಿಟ್ಟು, ನಾಯಿ ಯಾವ ತಳಿಯದು ಎಂದು ಮಾತ್ರ ಕೇಳುವ ಕಾನೂನೊಂದು ಬಂದರೆ ಏನಾಗುತ್ತದೆ? ಅಮೆರಿಕದ ಒಹಾಯೊ ರಾಜ್ಯದ ಜನ ಈ ಪ್ರಶ್ನೆಯ ಜೊತೆ ಇಪ್ಪತ್ತೈದು ವರ್ಷ ಗುದ್ದಾಡಿದರು.

1987ರ ಏಪ್ರಿಲ್ ತಿಂಗಳಲ್ಲಿ ಒಹಾಯೊದ ಡೇಟನ್ ನಗರದ ಬೀದಿಯಲ್ಲಿ ನಿವೃತ್ತ ವೈದ್ಯರೊಬ್ಬರನ್ನು ಪಿಟ್‌ಬುಲ್ ನಾಯಿಗಳು ಕಚ್ಚಿ ಕೊಂದವು. ದೇಶದುದ್ದಕ್ಕೂ ಪಿಟ್‌ಬುಲ್ ಬಗ್ಗೆ ಭಯ ಹಬ್ಬಿದ್ದ ಕಾಲವದು. ಅದೇ ವರ್ಷ ರಾಜ್ಯದ ಶಾಸನಸಭೆ ಹೊಸ ಕಾನೂನು ಮಾಡಿತು. ಮನುಷ್ಯರನ್ನು ಕಚ್ಚಿ ಗಾಯಗೊಳಿಸಿದ ನಾಯಿ 'ಕ್ರೂರ ನಾಯಿ' ಎಂದಿತು. ಅದರಲ್ಲಿ ತಕರಾರೇನೂ ಇರಲಿಲ್ಲ. ಆದರೆ ಪಿಟ್‌ಬುಲ್ ಎಂದು ಸಾಮಾನ್ಯವಾಗಿ ಕರೆಸಿಕೊಳ್ಳುವ ತಳಿಗೆ ಸೇರಿದ ನಾಯಿಯೂ ಕ್ರೂರ ನಾಯಿಯೇ ಎಂದು ಸೇರಿಸಿತು. ಅದು ಯಾರನ್ನೂ ಕಚ್ಚಿರಬೇಕಾಗಿರಲಿಲ್ಲ, ಹುಟ್ಟಿದ್ದರೆ ಸಾಕಿತ್ತು. ಅಂಥ ನಾಯಿಯನ್ನು ಬೀಗ ಹಾಕಿದ ಆವರಣದಲ್ಲಿ ಇಡಬೇಕು, ಹೊರಗೆ ಕರೆದೊಯ್ಯುವಾಗ ಕಟ್ಟುನಿಟ್ಟಾಗಿ ಹಿಡಿದಿರಬೇಕು, ಮಾಲೀಕರು ಕನಿಷ್ಠ 1,00,000 ಡಾಲರಿನ ವಿಮೆ ಮಾಡಿಸಬೇಕು. ಕೂಲಿ ಮಾಡಿ ಬಾಡಿಗೆ ಮನೆಯಲ್ಲಿ ಬದುಕುವವರಿಗೆ ಈ ಷರತ್ತುಗಳ ಅರ್ಥ ಒಂದೇ: ನಾಯಿಯನ್ನು ಬಿಟ್ಟುಕೊಡಿ.

ಇದಕ್ಕಿಂತ ದೊಡ್ಡ ತೊಡಕು 'ಪಿಟ್‌ಬುಲ್' ಎಂಬ ಹೆಸರಿನಲ್ಲೇ ಇತ್ತು. ಜನರ ಬಾಯಲ್ಲಿ ಅದು ಒಂದೇ ತಳಿಯ ಹೆಸರಲ್ಲ. ಅಮೆರಿಕನ್ ಪಿಟ್‌ಬುಲ್ ಟೆರಿಯರ್, ಅಮೆರಿಕನ್ ಸ್ಟಾಫರ್ಡ್‌ಶೈರ್ ಟೆರಿಯರ್ ಮತ್ತು ಇವುಗಳನ್ನು ಹೋಲುವ ಎಷ್ಟೋ ಬೆರಕೆ ನಾಯಿಗಳಿಗೆ ಅದೇ ಹೆಸರು. ತಲೆ ಅಗಲ, ಎದೆ ದಪ್ಪ ಎಂದು ಕಂಡರೆ ಡಾಗ್ ವಾರ್ಡನ್ ಎಂಬ ಅಧಿಕಾರಿ ಆ ಹೆಸರಿಡಬಹುದಿತ್ತು. ತಪ್ಪೆಂದು ಸಾಬೀತುಪಡಿಸುವ ಹೊರೆ ಮಾಲೀಕರ ಹೆಗಲಿಗೆ ಬೀಳುತ್ತಿತ್ತು.

ಅಷ್ಟಕ್ಕೂ ನಾಯಿ ಸಾಕುವವರ ಮಾತಿಗೆ ಅಮೆರಿಕದ ಕಾನೂನಿನಲ್ಲಿ ಬೆಲೆ ಕಡಿಮೆಯಿದ್ದುದು ಹಳೆಯ ಕಥೆ. 'ಕೌಂಟೆಸ್ ಲೋನಾ' ಎಂಬ ನ್ಯೂಫೌಂಡ್‌ಲ್ಯಾಂಡ್ ತಳಿಯ ಹೆಣ್ಣುನಾಯಿ ನ್ಯೂ ಆರ್ಲಿಯನ್ಸ್‌ನಲ್ಲಿ ರೈಲ್ವೆ ಕಂಪನಿಯ ಗಾಡಿಗೆ ಸಿಕ್ಕಿ ಸತ್ತಿತು. ಒಡೆಯ ಪರಿಹಾರ ಕೇಳಿದ. ಲೂಯಿಸಿಯಾನಾ ರಾಜ್ಯದ ಕಾನೂನಿನ ಪ್ರಕಾರ, ತೆರಿಗೆ ಪಟ್ಟಿಯಲ್ಲಿ ಬರೆಸಿದ ನಾಯಿಗೆ ಮಾತ್ರ ರಕ್ಷಣೆ. ಬರೆಸಿದ್ದರೂ, ಒಡೆಯ ಅಲ್ಲಿ ನಮೂದಿಸಿದ ಬೆಲೆಗಿಂತ ಹೆಚ್ಚು ಕೇಳುವಂತಿರಲಿಲ್ಲ. 1897ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. ದನ, ಕುದುರೆಗಳಂತೆ ನಾಯಿ ಪೂರ್ಣ ಸ್ವತ್ತಲ್ಲ, ಅದರ ಮೇಲಿನ ಒಡೆತನ ಅರೆಬರೆಯದ್ದು ಎಂಬುದು ಕೋರ್ಟಿನ ನಿಲುವು. ನಾಯಿಗಳ ವಿಷಯದಲ್ಲಿ ರಾಜ್ಯಗಳು ಕಠಿಣ ಕಾನೂನು ಮಾಡಲು ಈ ತೀರ್ಪು ಬಾಗಿಲು ತೆರೆದಿಟ್ಟಿತು.

ಒಹಾಯೊದಲ್ಲಿ ಮೊದಲ ಬಿರುಕು ಕಾಣಿಸಿದ್ದು 2004ರಲ್ಲಿ. ನಾಯಿಗಳು ನೆರೆಯವರ ಮೇಲೆ ಎರಗಿದವೆಂಬ ದೂರಿನ ಮೇಲೆ ಡಾಗ್ ವಾರ್ಡನ್ ಕಚೇರಿ ಅವುಗಳಿಗೆ ಅಪಾಯಕಾರಿ, ಕ್ರೂರ ಎಂಬ ಹಣೆಪಟ್ಟಿ ಹಚ್ಚಿತ್ತು. ಷರತ್ತು ಪಾಲಿಸಲಿಲ್ಲವೆಂದು ಒಡತಿಯ ಮೇಲೆ ಮೊಕದ್ದಮೆ ಹೂಡಲಾಯಿತು. ಹಣೆಪಟ್ಟಿ ಸರಿಯೋ ತಪ್ಪೋ ಎಂದು ಮೊದಲೇ ಕೇಳಲು ಆಕೆಗೆ ಯಾವ ವೇದಿಕೆಯೂ ಇರಲಿಲ್ಲ. ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡದ ಆ ವ್ಯವಸ್ಥೆ ಸಂವಿಧಾನಕ್ಕೆ ವಿರುದ್ಧ ಎಂದಿತು ರಾಜ್ಯದ ಸುಪ್ರೀಂ ಕೋರ್ಟು.

ಆದರೆ ತಳಿಯ ಪ್ರಶ್ನೆ ಬಂದಾಗ ಅದೇ ಕೋರ್ಟು ಕೈಚೆಲ್ಲಿತು. ಒಂದು ಮನೆಗೆ ಒಂದೇ ಪಿಟ್‌ಬುಲ್ ಎಂಬುದು ಟೊಲೆಡೊ ನಗರದ ನಿಯಮ. ಮೂರು ಸಾಕಿದ್ದವನೊಬ್ಬ ಅದನ್ನು ಪ್ರಶ್ನಿಸಿ ಮೇಲ್ಮನವಿ ನ್ಯಾಯಾಲಯದಲ್ಲಿ ಗೆದ್ದ. 2007ರಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಆ ಗೆಲುವನ್ನು ತಿರುಗಿಸಿತು. ಸಾರ್ವಜನಿಕರ ಸುರಕ್ಷತೆಗಾಗಿ ಒಂದು ತಳಿಯನ್ನು ನಿಯಂತ್ರಿಸುವ ಅಧಿಕಾರ ರಾಜ್ಯಕ್ಕೂ ನಗರಕ್ಕೂ ಇದೆ ಎಂದಿತು.

ಕೋರ್ಟಿನ ದಾರಿ ಮುಚ್ಚಿದ ಮೇಲೆ ಉಳಿದದ್ದು ಶಾಸನಸಭೆ. ನಾಯಿ ಸಾಕುವವರೂ ಪ್ರಾಣಿದಯಾ ಸಂಘಗಳವರೂ ರಾಜಧಾನಿ ಕೊಲಂಬಸ್‌ನತ್ತ ತಿರುಗಿದರು. ನಮ್ಮ ನಾಯಿ ಪಾಪದ್ದು ಎಂದಷ್ಟೇ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ಕಚ್ಚಿದ ನಾಯಿಗೆ, ಅದು ಯಾವ ತಳಿಯದಾದರೂ ಸರಿ, ಶಿಕ್ಷೆ ಇರಲಿ. ಕಚ್ಚದ ನಾಯಿಯನ್ನು ಬಿಡಿ ಎಂಬುದು ವಾದವಾಗಿತ್ತು. ಬಾರ್ಬರಾ ಸಿಯರ್ಸ್ ಎಂಬ ಶಾಸಕಿ ಮಂಡಿಸಿದ ಮಸೂದೆಗೆ ರಾಜ್ಯಪಾಲ ಜಾನ್ ಕೇಸಿಕ್ 2012ರ ಫೆಬ್ರವರಿಯಲ್ಲಿ ಸಹಿ ಹಾಕಿದರು. ಪಿಟ್‌ಬುಲ್ ಎಂಬ ಮಾತು ಕ್ರೂರ ನಾಯಿಯ ವ್ಯಾಖ್ಯೆಯಿಂದ ಬಿದ್ದುಹೋಯಿತು. ಅದರ ಜಾಗಕ್ಕೆ ನಡತೆಯ ಮೇಲೆ ನಿಂತ ಮೂರು ಮೆಟ್ಟಿಲು ಬಂದವು: ಉಪದ್ರವಿ, ಅಪಾಯಕಾರಿ, ಕ್ರೂರ. ಹಣೆಪಟ್ಟಿ ಒಪ್ಪದ ಮಾಲೀಕರು 10 ದಿನದೊಳಗೆ ನ್ಯಾಯಾಲಯಕ್ಕೆ ಹೋಗಬಹುದು. ಅಲ್ಲಿ ಸಾಬೀತುಪಡಿಸುವ ಹೊಣೆ ಅಧಿಕಾರಿಯದು. ನಗರಗಳು ತಮ್ಮದೇ ನಿಯಮ ಇಟ್ಟುಕೊಳ್ಳುವುದನ್ನು ಈ ಕಾನೂನು ತಡೆಯಲಿಲ್ಲ. ಪಾರ್ಮಾ ನಗರ ತನ್ನ ಪಿಟ್‌ಬುಲ್ ನಿಷೇಧವನ್ನು ಹಾಗೆಯೇ ಉಳಿಸಿಕೊಂಡಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾಯಿಪ್ರಿಯರಿಗೆ ನೆಮ್ಮದಿ. 2014ರ ಫೆಬ್ರವರಿಯಲ್ಲಿ ಅದೇ ಡೇಟನ್ ನಗರದಲ್ಲಿ ಮಹಿಳೆಯೊಬ್ಬರು ತಮ್ಮ ಮನೆಯ ಮುಂದೆಯೇ ನೆರೆಮನೆಯ ಎರಡು ನಾಯಿಗಳಿಗೆ ಬಲಿಯಾದರು. ಆ ನಾಯಿಗಳ ಬಗ್ಗೆ ಅವರು ಹಲವು ಸಲ ದೂರು ಕೊಟ್ಟಿದ್ದರು. ತಳಿ ಬೇಡ, ನಡತೆ ನೋಡಿ ಎಂದು ಕಾನೂನು ಬದಲಾಗಿ ಎರಡು ವರ್ಷವಾಗಿತ್ತು. ನಡತೆ ಹೇಗಿದೆ ಎಂದು ಬಾರಿಬಾರಿಗೂ ಹೇಳಿದವರ ಮಾತು ಮಾತ್ರ ಅವರ ಜೀವ ಉಳಿಸಲಿಲ್ಲ. ತಳಿಯ ಪಟ್ಟಿ ನೋಡಿ ಗುರುತು ಹಾಕುವುದು ಸುಲಭ. ನಡತೆಯನ್ನು ಅಳೆಯಬೇಕೆಂದರೆ ದೂರು ಬಂದ ದಿನವೇ ಯಾರಾದರೂ ಹೋಗಿ ನೋಡಬೇಕು, ಬರೆದಿಡಬೇಕು, ಮಾಲೀಕನನ್ನು ಕರೆಸಿ ಕೇಳಬೇಕು.

ಈ ಮಾತು ನಮಗೂ ದೂರದ್ದಲ್ಲ. 2024ರ ಮಾರ್ಚ್ 12ರಂದು ಕೇಂದ್ರದ ಪಶುಸಂಗೋಪನಾ ಇಲಾಖೆ ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳ ಮಾರಾಟ, ಸಾಕಣೆ, ಸಂತಾನವೃದ್ಧಿಗಳನ್ನು ತಡೆಯುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಈಗಾಗಲೇ ಮನೆಯಲ್ಲಿರುವ ಆ ತಳಿಯ ನಾಯಿಗಳಿಗೆ ಸಂತಾನಹರಣ ಮಾಡಿಸಬೇಕೆಂದಿತು. ಇದನ್ನು ಪ್ರಶ್ನಿಸಿದವರ ಅರ್ಜಿಯ ಮೇಲೆ ಏಪ್ರಿಲ್ 10ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸುತ್ತೋಲೆಯನ್ನು ರದ್ದುಮಾಡಿದರು. ಸಂಬಂಧಪಟ್ಟವರ ಮಾತು ಕೇಳದೆ ಅದನ್ನು ಹೊರಡಿಸಿದ್ದು ಒಂದು ಮುಖ್ಯ ಕಾರಣ. ಎಲ್ಲರ ಅಹವಾಲು ಕೇಳಿ ಹೊಸ ನಿಯಮ ತರುವ ದಾರಿಯನ್ನು ಕೋರ್ಟು ಸರ್ಕಾರಕ್ಕೆ ತೆರೆದೇ ಇಟ್ಟಿತು. ಕಚ್ಚಿಸಿಕೊಂಡವರ ಚಿಕಿತ್ಸೆಯ ಹೊಣೆ ಮಾಲೀಕರದು ಎಂಬ ಮಾತನ್ನೂ ಆಡಿತು.

ಒಹಾಯೊದ ನಾಯಿ ಸಾಕುವವರು 2004ರಲ್ಲಿ ಪಡೆದದ್ದೂ ಇದನ್ನೇ, ನಮ್ಮ ಹೈಕೋರ್ಟು ಹೇಳಿದ್ದೂ ಇದನ್ನೇ: ಕೇಳದೆ ತೀರ್ಮಾನಿಸಬೇಡಿ. ಆದರೆ ಕೇಳಿಸಿಕೊಳ್ಳುವ ಹಕ್ಕು ನಾಯಿಯ ಹಗ್ಗ ಹಿಡಿದವರಿಗೆ ಎಷ್ಟಿದೆಯೋ, ಬೇಲಿಯ ಆಚೆ ಹೆದರಿಕೊಂಡು ನಿಂತವರಿಗೂ ಅಷ್ಟೇ ಇದೆ. ಕಾನೂನು ಬದಲಿಸಲು ಕೊಲಂಬಸ್‌ಗೆ ಹೋದವರು ಡೇಟನ್‌ನ ಆ ಮಹಿಳೆಯ ದೂರಿಗಾಗಿಯೂ ಅಷ್ಟೇ ಗಟ್ಟಿಯಾಗಿ ದನಿ ಎತ್ತಬೇಕು. ನಡತೆ ನೋಡಿ ಎಂದು ಕೇಳಿ ಪಡೆದವರ ಮೇಲೆ ಆ ಋಣ ಇದ್ದೇ ಇದೆ.