ಮೇಜಿನ ಮೇಲಿನ ನಟ

ನನ್ನ ಮೇಜಿನ ಮೇಲೆ ಲೇಖನಿಗಳನ್ನು ನಿಲ್ಲಿಸುವ ಡಬ್ಬಿಯೊಂದಿದೆ, ಶಿಷ್ಯನೊಬ್ಬ ತಂದುಕೊಟ್ಟದ್ದು. ಅದರ ಮೈಮೇಲೆ ಜಪಾನಿನ ನಟನೊಬ್ಬನ ಮುಖ: ಬಿಗಿದ ತುಟಿ, ಮೇಲಕ್ಕೆ ಸೆಳೆದ ಹುಬ್ಬು, ಎದೆಯ ಮುಂದೆ ಚಾಚಿದ ಹತ್ತು ಬೆರಳು. ಈತ ಮೂರನೆಯ ಒಟಾನಿ ಒನಿಜಿ. 1794ರಲ್ಲಿ, ಜಪಾನೀ ಪಂಚಾಂಗದ ಐದನೆಯ ತಿಂಗಳಿನಲ್ಲಿ, ಈಗ ಟೋಕಿಯೊ ಎನಿಸಿರುವ ಎಡೊ ನಗರದ ಕವಾರಸಾಕಿ ನಾಟಕಶಾಲೆಯಲ್ಲಿ ಎಡೋಬೆ ಎಂಬ ಕೇಡಿಯ ಪಾತ್ರ ವಹಿಸಿದವನು. ಚಿತ್ರ ಬರೆದವನು ಶರಾಕು. ಹತ್ತೇ ತಿಂಗಳಲ್ಲಿ 140ಕ್ಕೂ ಮಿಕ್ಕಿ ಚಿತ್ರಗಳನ್ನಿತ್ತು ಕಣ್ಮರೆಯಾದ ಆ ಕಲಾವಿದ ಯಾರೆಂಬುದು ಇಂದಿಗೂ ಚರ್ಚೆಯ ವಿಷಯ.

ಇವು ಅರಮನೆಯ ಚಿತ್ರಗಳಲ್ಲ. ಕಲಾವಿದ ರೇಖೆ ಎಳೆಯುವನು. ಇನ್ನೊಬ್ಬ ಅದನ್ನು ಚೆರಿ ಮರದ ಹಲಗೆಯಲ್ಲಿ ಕೊರೆಯುವನು. ಮತ್ತೊಬ್ಬ ಬಣ್ಣಕ್ಕೊಂದು ಹಲಗೆಯಂತೆ ಕಾಗದಕ್ಕೆ ಒತ್ತುವನು. ಪೇಟೆಯ ಸಾಮಾನ್ಯರೂ ಕೊಳ್ಳಬಹುದಾದ ಸರಕು ಅದು. ನಟರ ಮುಖ ಬೀಸಣಿಗೆಯ ಮೇಲೂ ಬಂತು, ಹೊಸ ವರ್ಷದ ಆಟದ ಹಲಗೆಯ ಮೇಲೂ ಬಂತು. 1842ರಲ್ಲಿ ಸರಕಾರ ನಟರ ಚಿತ್ರಗಳನ್ನು ನಿಷೇಧಿಸಿದರೂ ಜನರ ಮೋಹ ಅಳಿಯಲಿಲ್ಲ.

ಈ ಬಗೆಯ ಮೋಹ ನಮಗೆ ಹೊಸದೇನಲ್ಲ. ಆಳಂದ, ಅಫಜಲಪುರಗಳ ಗಡಿಗೆ ಹತ್ತಿಕೊಂಡ ಸೊಲ್ಲಾಪುರದ ಸೀಮೆ ಮರಾಠಿ ರಂಗಭೂಮಿಯದು. ಆ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಮೆರೆದ ಬಾಲಗಂಧರ್ವರ (1888–1967) ಉಡುಗೆತೊಡುಗೆಯನ್ನು ಮನೆಯ ಹೆಂಗಸರು ಅನುಕರಿಸಿದರು. ಅವರ ರೂಪ ಸರಕುಗಳ ಜಾಹೀರಾತಿಗೂ ಏರಿತು. ಕಬುಕಿಯಲ್ಲಿಯೂ ಗಂಡಸರೇ ಹೆಣ್ಣಾಗುತ್ತಿದ್ದರೆಂಬುದನ್ನು ನೆನೆದರೆ ಎರಡು ದೇಶಗಳ ಅಂತರ ತಗ್ಗಿದಂತೆ ತೋರುತ್ತದೆ.

ಆದರೆ ಬಾಲಗಂಧರ್ವರಂಥವರು ಎಷ್ಟು ಮಂದಿ? ಜೇವರ್ಗಿಯ ಹೆಸರು ಹೊತ್ತ ನಾಟಕ ಕಂಪನಿ ನಾಡೆಲ್ಲ ಸುತ್ತಿತು. ಅದನ್ನು ಬಿಟ್ಟರೆ, ನಮ್ಮ ಹಳ್ಳಿಗಳಲ್ಲಿ ಹಗಲು ನೇಗಿಲು ಹಿಡಿದು ರಾತ್ರಿ ದುರ್ಯೋಧನನಾದವರ ಮುಖ ಎಲ್ಲಿದೆ? ಉತ್ತರ ನನ್ನಲ್ಲಿಯೇ ಇತ್ತು. ಜಾತ್ರೆಯ ನಾಟಕಕ್ಕೆಂದು ಹಳದಿ, ಗುಲಾಬಿ ಬಣ್ಣದ ತೆಳು ಕಾಗದದಲ್ಲಿ ಹ್ಯಾಂಡಬಿಲ್ಲು ಅಚ್ಚಾಗುತ್ತಿತ್ತು. ಪಾತ್ರಧಾರಿಗಳ ಹೆಸರು, ಪೇಟಿ ಮಾಸ್ತರರ ಹೆಸರು, ಮಂಕಾದ ನಾಲ್ಕಾರು ಮುಖ. ಆಟ ಮುಗಿದ ಮರುದಿನ ಭಜಿಯ ಪೊಟ್ಟಣ, ಇಲ್ಲವೆ ನಮ್ಮ ಪಠ್ಯಪುಸ್ತಕದ ಹೊದಿಕೆ. ನಮ್ಮ ಮೇಜಿನ ಮೇಲಿನ ನಟನೂ ಅವನೇ!

ಈಚೆಗೆ ತಗಡಿನ ಪೆಟ್ಟಿಗೆಯಲ್ಲಿ ನನ್ನ ಏಳನೆಯ ತರಗತಿಯ ಪುಸ್ತಕ ಸಿಕ್ಕಿತು. ಹೊದಿಕೆಯ ಒಳಮೈಯಲ್ಲಿ ಕಿರೀಟ ತೊಟ್ಟವನೊಬ್ಬನ ಮುಖವಿದೆ. ಕೆಳಗೆ ‘ಪ್ಪ’ ಎಂಬ ಕೊನೆಯ ಅಕ್ಷರ ಮಾತ್ರ ಉಳಿದಿದೆ. ಊರಿನ ಹೆಸರಿಲ್ಲ, ವರ್ಷವಿಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳ ಹಿರಿಯರಿಗೆ ತೋರಿಸಿದೆ. ದೀಪದ ಬೆಳಕಿಗೆ ಹಿಡಿದು ನೋಡಿ, ‘ಇಂವ ಯಾರಿದ್ದಾನೋ ಸರ್, ಗುರ್ತು ಹತ್ತವಲ್ದು’ ಎಂದರು. ಕತ್ತರಿ ಹಾಕಿದವನು ನಾನೇ, ಯಾರನ್ನು ದೂರಲಿ?

ಇನ್ನೊಂದು ಸಂಗತಿ ಹೇಳಬೇಕು. ಶರಾಕು ಬರೆದ ಆ ದೊಡ್ಡ ಮುಖಗಳ ಮೇಲೆ ನಟರ ಹೆಸರೇ ಇಲ್ಲ. ಉಡುಪಿನ ಮೇಲಿನ ಮನೆತನದ ಮುದ್ರೆಯನ್ನು ಆ ಕಾಲದ ನಾಟಕದ ಪ್ರಕಟಣೆಗಳೊಡನೆ ಹೋಲಿಸಿ, ನಟ, ಪಾತ್ರ, ತಿಂಗಳುಗಳನ್ನು ವಿದ್ವಾಂಸರು ಗುರುತಿಸಿದರು. ಅಂದರೆ ಒನಿಜಿಯನ್ನು ಉಳಿಸಿದ್ದು ಶರಾಕುವಿನ ಕಲೆಯೊಂದೇ ಅಲ್ಲ. ಯಾರೋ ಎಸೆಯದೆ ಇಟ್ಟ ಹ್ಯಾಂಡಬಿಲ್ಲು ಕೂಡ.

ವಾಚಕರಲ್ಲಿ ನನ್ನ ಬಿನ್ನಹ ಇಷ್ಟೆ. ಮುಂದಿನ ಜಾತ್ರೆಯಲ್ಲಿ ಕೈಗೆ ಬಂದ ಕಾಗದದ ಹಿಂದೆ ಊರು, ತಾರೀಖು, ವರ್ಷ ಬರೆದು ಪೆಟ್ಟಿಗೆಯ ತಳಕ್ಕೆ ಹಾಕಿಡಿ. ಎಡೊ ನಗರದ ಕೇಡಿಯೊಬ್ಬನ ಹೆಸರನ್ನು ನಾನು ಹೇಳಬಲ್ಲೆ. ನನ್ನ ಸೀಮೆಯ ರಾಜನ ಹೆಸರನ್ನು ಹೇಳಲಾರೆ.