ಆರ್‌ವಿ ವಾಹನದ ವಿದ್ಯುತ್ ಸಾಕೆಟ್: ದೋಷಪತ್ತೆ

ಅಡುಗೆಮನೆ, ಮಲಗುವ ಜಾಗ, ಬಚ್ಚಲು ಎಲ್ಲವನ್ನೂ ಒಳಗೊಂಡ ಪ್ರವಾಸಿ ವಾಹನಕ್ಕೆ ಅಮೆರಿಕ, ಕೆನಡಾಗಳಲ್ಲಿ ಆರ್‌ವಿ ಎನ್ನುತ್ತಾರೆ. ತಾನೇ ಓಡುವ ಮೋಟರ್‌ಹೋಮ್, ಇನ್ನೊಂದು ಗಾಡಿ ಎಳೆಯುವ ಟ್ರೇಲರ್ ಎರಡೂ ಇದರಲ್ಲಿ ಸೇರುತ್ತವೆ. ಗೋಡೆಯ ಸಾಕೆಟ್‌ನಲ್ಲಿ ಕರೆಂಟ್ ಇಲ್ಲದಿದ್ದರೆ ಅನೇಕರು ಮೊದಲು ಆ ಸಾಕೆಟ್ಟನ್ನೇ ಬಿಚ್ಚಲು ಹೊರಡುತ್ತಾರೆ. ಎಷ್ಟೋ ಸಲ ದೋಷ ಅಲ್ಲಿರುವುದಿಲ್ಲ, ಕರೆಂಟ್ ಬರುವ ದಾರಿಯಲ್ಲಿ ಹಿಂದೆಲ್ಲೋ ಇರುತ್ತದೆ. ಆದ್ದರಿಂದ ಹುಡುಕಾಟವನ್ನು, ವಾಹನ ನಿಲ್ಲಿಸುವ ಕ್ಯಾಂಪ್‌ಗ್ರೌಂಡಿನಲ್ಲಿ ಕರೆಂಟ್ ಕೊಡುವ ಹೊರಗಿನ ಕಂಬದಿಂದ ಆರಂಭಿಸುವುದು ಒಳ್ಳೆಯದು.

ಆರ್‌ವಿಯಲ್ಲಿ ಎರಡು ಬೇರೆ ಬೇರೆ ವೈರಿಂಗ್‌ಗಳಿವೆ. ಚಾವಣಿಯ ದೀಪ, ನೀರಿನ ಪಂಪುಗಳು 12 ವೋಲ್ಟ್ ಬ್ಯಾಟರಿಯಿಂದ ನಡೆಯುತ್ತವೆ. ಗೋಡೆಯ ಸಾಕೆಟ್, ಮೈಕ್ರೋವೇವ್, ಏರ್ ಕಂಡೀಷನರ್‌ಗಳಿಗೆ ಹೊರಗಿನಿಂದ ಬರುವ 120 ವೋಲ್ಟ್ ಬೇಕು. ದೀಪ ಉರಿಯುತ್ತಿದೆ ಎಂದ ಮಾತ್ರಕ್ಕೆ ಹೊರಗಿನ ಕರೆಂಟ್ ಒಳಗೆ ಬಂದಿದೆ ಎಂದು ತಿಳಿಯುವಂತಿಲ್ಲ. ಕ್ಯಾಂಪ್‌ಗ್ರೌಂಡಿನ ಬ್ರೇಕರ್ ರಾತ್ರಿಯೇ ಬಿದ್ದಿದ್ದರೂ ಬ್ಯಾಟರಿ ಇಳಿಯುವವರೆಗೆ ದೀಪಗಳು ಉರಿಯುತ್ತಲೇ ಇರುತ್ತವೆ.

ಹೊರಗಿನ ಸರಬರಾಜು ಮುಖ್ಯವಾಗಿ ಎರಡು ಬಗೆಯದು. 30 ಆಂಪಿಯರಿನ ಮೂರು ಪಿನ್ ಪ್ಲಗ್ಗಿನಲ್ಲಿ ಒಂದೇ ಫೇಸ್ ತಂತಿ ಇದ್ದು, ಒಟ್ಟು 3,600 ವ್ಯಾಟ್ ಸಿಗುತ್ತದೆ. 50 ಆಂಪಿಯರಿನ ನಾಲ್ಕು ಪಿನ್ ಪ್ಲಗ್ಗಿನಲ್ಲಿ 120 ವೋಲ್ಟಿನ ಎರಡು ಫೇಸ್ ತಂತಿಗಳಿದ್ದು, ಒಟ್ಟು 12,000 ವ್ಯಾಟ್ ಬರುತ್ತದೆ. ವಾಹನದ ಅರ್ಧ ಭಾಗದ ಸಾಕೆಟ್‌ಗಳಷ್ಟೇ ಸತ್ತಿದ್ದರೆ, 50 ಆಂಪಿಯರಿನ ಎರಡರಲ್ಲಿ ಒಂದು ತಂತಿ ಕಡಿದಿದೆಯೇ ಎಂದು ಕಂಬದಲ್ಲೇ ಅಳೆದು ನೋಡಬೇಕು. ಅಲ್ಲಿ ನ್ಯೂಟ್ರಲ್ ಕಡಿದಿದ್ದರೆ ಪರಿಣಾಮ ಇನ್ನೂ ಕೆಟ್ಟದು: ಒಂದು ಬದಿಯ ವೋಲ್ಟೇಜ್ ಕುಸಿದು ಇನ್ನೊಂದು ಬದಿಯದು ಏರಿ, ಟಿವಿ, ಮೈಕ್ರೋವೇವ್‌ಗಳು ಸುಟ್ಟುಹೋಗುತ್ತವೆ. ಬೇಸಿಗೆಯಲ್ಲಿ ಕ್ಯಾಂಪ್‌ಗ್ರೌಂಡ್ ತುಂಬಿದಾಗ ವೋಲ್ಟೇಜ್ ಇಳಿಯುವುದು ಮಾಮೂಲು. ಅದು 105ರ ಕೆಳಗೆ ಹೋದರೆ ಏರ್ ಕಂಡೀಷನರಿನ ಮೋಟರಿಗೆ ಅಪಾಯ.

ಬ್ರೇಕರ್ ಪದೇ ಪದೇ ಬೀಳುವುದಕ್ಕೆ ಹೊರೆಯೇ ಕಾರಣವಾಗಿರುವುದು ಹೆಚ್ಚು. ಏರ್ ಕಂಡೀಷನರ್, ಮೈಕ್ರೋವೇವ್, ವಿದ್ಯುತ್ ಗೀಸರ್ ಒಂದೊಂದೂ ಸುಮಾರು 12 ಆಂಪಿಯರ್ ಎಳೆಯುತ್ತವೆ. ಮೂರನ್ನೂ ಒಟ್ಟಿಗೆ ಹಾಕಿದರೆ 30 ಆಂಪಿಯರ್ ಸಾಲದು. ಭಾರತದಿಂದ ಬಂದು ಆರ್‌ವಿ ಬಾಡಿಗೆಗೆ ಹಿಡಿಯುವ ಕುಟುಂಬಗಳಿಗೆ ಇನ್ನೊಂದು ಮಾತು: ಊರಿನಿಂದ ತಂದ 230 ವೋಲ್ಟಿನ ಕೆಟಲ್ 120 ವೋಲ್ಟಿನಲ್ಲಿ ತನ್ನ ಶಾಖದ ಸುಮಾರು ಕಾಲು ಭಾಗವನ್ನಷ್ಟೇ ಕೊಡುತ್ತದೆ. ನೀರು ಕಾಯದಿದ್ದರೆ ಅದು ಸಾಕೆಟ್ಟಿನ ತಪ್ಪಲ್ಲ.

ಕಂಬವೂ ಬ್ರೇಕರ್‌ಗಳೂ ಸರಿಯಿದ್ದು ಕೆಲವು ಸಾಕೆಟ್‌ಗಳಷ್ಟೇ ಸತ್ತಿದ್ದರೆ ಮೊದಲು ನೋಡಬೇಕಾದದ್ದು ಜಿಎಫ್‌ಸಿಐ ಸಾಕೆಟ್. 1961ರಲ್ಲಿ ಬರ್ಕ್ಲಿಯ ಪ್ರಾಧ್ಯಾಪಕ ಚಾರ್ಲ್ಸ್ ಡಾಲ್ಜಿಯಲ್ ರೂಪಿಸಿದ ಈ ಸಾಧನ, ಫೇಸ್‌ನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸಾಗುತ್ತಿದೆಯೇ ಎಂದು ಕಾಯುತ್ತಿರುತ್ತದೆ. 4ರಿಂದ 6 ಮಿಲಿಆಂಪಿಯರ್ ಸೋರಿದರೂ ಕಡಿದುಬಿಡುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿಯ ಮಿತಿ 30 ಮಿಲಿಆಂಪಿಯರ್ ಎಂಬುದನ್ನು ನೆನೆದರೆ ಇದರ ಸೂಕ್ಷ್ಮತೆ ಅರ್ಥವಾದೀತು. ಆರ್‌ವಿಯಲ್ಲಿ ಒಂದೇ ಜಿಎಫ್‌ಸಿಐ, ಹೆಚ್ಚಾಗಿ ಬಚ್ಚಲಿನದ್ದು, ಅಡುಗೆ ಕಟ್ಟೆಯ ಸಾಕೆಟ್ಟನ್ನೂ ಹೊರಗೋಡೆಯ ಸಾಕೆಟ್ಟನ್ನೂ ಕಾಯುತ್ತದೆ. ಹೊರಗಿನ ಸಾಕೆಟ್ಟಿಗೆ ಮಳೆನೀರು ಇಳಿದರೆ ಅಡುಗೆಮನೆಯ ಕಾಫಿ ಯಂತ್ರ ನಿಲ್ಲುವುದು ಹೀಗೆ. ರಿಸೆಟ್ ಗುಂಡಿ ಒತ್ತಿ ನೋಡಬೇಕು. ಅದು ಕೂಡಲೇ ಮತ್ತೆ ಚಿಮ್ಮಿದರೆ ಎಲ್ಲ ಪ್ಲಗ್‌ಗಳನ್ನೂ ಕಿತ್ತು, ಒಂದೊಂದಾಗಿ ಹಾಕುತ್ತ ಬಂದರೆ ಸೋರುವ ಉಪಕರಣ ಸಿಗುತ್ತದೆ. ಈಚಿನ ಮಾದರಿಗಳಲ್ಲಿ ಕರೆಂಟ್ ಬಾರದೆ ಗುಂಡಿ ಕೂರುವುದೇ ಇಲ್ಲ. ಹಾಗಾಗಿ ಗುಂಡಿ ಕೂರದಿದ್ದರೆ ಜಿಎಫ್‌ಸಿಐ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಅದಕ್ಕೆ ಕರೆಂಟ್ ಬರುತ್ತಿದೆಯೇ ಎಂದು ಅಳೆಯಬೇಕು.

ಇನ್ವರ್ಟರ್ ಇರುವ ವಾಹನಗಳಲ್ಲಿ ಕೆಲವು ಸಾಕೆಟ್‌ಗಳು ಅದರ ಮೂಲಕವೇ ಹಾದುಬರುತ್ತವೆ. ಇನ್ವರ್ಟರಿನ ಮೈಮೇಲಿರುವ ಪುಟ್ಟ ಬ್ರೇಕರ್ ಬಿದ್ದಿರುವುದು ಸುಲಭದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಜನರೇಟರಿನಲ್ಲಿ ಎಲ್ಲವೂ ನಡೆದು ಕಂಬದ ಕರೆಂಟಿನಲ್ಲಿ ಏನೂ ನಡೆಯದಿದ್ದರೆ, ಕಂಬದ ಕೇಬಲ್ಲಿನ ಜೊತೆಗೆ, ಇವೆರಡರಲ್ಲಿ ಒಂದರ ಕರೆಂಟನ್ನು ಒಳಗೆ ಬಿಡುವ ಟ್ರಾನ್ಸ್‌ಫರ್ ಸ್ವಿಚ್ಚನ್ನೂ ಶಂಕಿಸಬೇಕು.

ಇಷ್ಟೆಲ್ಲ ಆದ ಮೇಲೆ ಸಾಕೆಟ್ಟಿನ ಸರದಿ. ಆರ್‌ವಿಯ ಗೋಡೆ ತೆಳ್ಳಗಿರುವುದರಿಂದ ಅನೇಕ ತಯಾರಕರು ಪೆಟ್ಟಿಗೆಯೂ ಸಾಕೆಟ್ಟೂ ಒಂದೇ ಆಗಿರುವ ಬಗೆಯನ್ನು ಕೂರಿಸುತ್ತಾರೆ. ಇದರಲ್ಲಿ ತಂತಿಯನ್ನು ಸ್ಕ್ರೂ ಹಾಕಿ ಬಿಗಿಯುವುದಿಲ್ಲ. ಕವಚದ ಸಮೇತ ಸೀಳುಗಳಿಗೆ ಒತ್ತಿದಾಗ ಲೋಹದ ಅಲಗು ಕವಚವನ್ನು ಕೊಯ್ದು ತಾಮ್ರವನ್ನು ಹಿಡಿಯುತ್ತದೆ. ಕಾರ್ಖಾನೆಯಲ್ಲಿ ಕೆಲಸ ಬೇಗ ಮುಗಿಯುತ್ತದೆ, ಆದರೆ ಸಾವಿರಾರು ಮೈಲಿ ಕುಲುಕಾಟದ ಬಳಿಕ ಹಿಡಿತ ಸಡಿಲವಾಗುತ್ತದೆ. ಕರೆಂಟ್ ಒಂದು ಸಾಕೆಟ್ಟಿನಿಂದ ಇನ್ನೊಂದಕ್ಕೆ ಹಾದುಹೋಗುವುದರಿಂದ ಒಂದು ಸಡಿಲವಾದರೆ ಅದರ ಮುಂದಿನವೆಲ್ಲ ಸಾಯುತ್ತವೆ. ಸಡಿಲ ಜೋಡಣೆಯಲ್ಲಿ ಹೀಟರ್ ಹಾಕಿದಾಗ ಕಿಡಿ ಹಾರಿ ಪ್ಲಾಸ್ಟಿಕ್ ಕಂದಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಬ್ರೇಕರ್ ಇದನ್ನು ಗುರುತಿಸದಿರಬಹುದು, ಏಕೆಂದರೆ ಹರಿಯುವ ಕರೆಂಟ್ ಮಿತಿಯೊಳಗೇ ಇರುತ್ತದೆ. ಬಣ್ಣ ಕೆಟ್ಟ ಸಾಕೆಟ್ಟನ್ನು ಮತ್ತೆ ಒತ್ತಿ ಕೂರಿಸುವುದು ದುಡುಕು. ಕಂಬದ ಪ್ಲಗ್ ಕಿತ್ತು, ಜನರೇಟರ್, ಇನ್ವರ್ಟರ್ ಆರಿಸಿ, ಸುಟ್ಟಷ್ಟು ತಂತಿ ಕತ್ತರಿಸಿ, ಜಾಗ ಸಾಲುವ ಕಡೆ ಪ್ರತ್ಯೇಕ ಪೆಟ್ಟಿಗೆಯಲ್ಲಿ ಸ್ಕ್ರೂ ಇರುವ ಸಾಕೆಟ್ ಹಾಕಿಸುವುದು ಉತ್ತಮ.

ಸತ್ತ ಸಾಕೆಟ್ಟಿಗಿಂತ, ಸರಿಯಾಗಿಯೇ ಕೆಲಸ ಮಾಡುತ್ತಿರುವಂತೆ ಕಾಣುವ ಸಾಕೆಟ್ ಕೆಲವೊಮ್ಮೆ ಹೆಚ್ಚು ಅಪಾಯಕಾರಿ. ಅರ್ತ್ ತಂತಿ ಎಲ್ಲೋ ಕಡಿದಿದ್ದು, ಗೀಸರಿನಂಥ ಉಪಕರಣ ಸೋರುತ್ತಿದ್ದರೆ ವಾಹನದ ಲೋಹದ ಮೈಯೆಲ್ಲ ಕರೆಂಟ್ ಆಗುತ್ತದೆ. ಟೈರಿನ ಮೇಲೆ ನಿಂತಿರುವುದರಿಂದ ಒಳಗಿದ್ದವರಿಗೆ ಏನೂ ತಿಳಿಯುವುದಿಲ್ಲ. ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿಕೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ, ಜೀವವೂ ಹೋಗಬಹುದು. ಸ್ವಲ್ಪವೇ ಜುಮ್ಮೆಂದರೂ ಮತ್ತೆ ಮುಟ್ಟದೆ ಕಂಬದ ಬ್ರೇಕರ್ ಇಳಿಸಬೇಕು. ವಾಹನದ ಮೈಗೆ ತಾಗಿಸದೆ ಹತ್ತಿರ ಹಿಡಿಯುವ ವೋಲ್ಟೇಜ್ ಟೆಸ್ಟರ್ ಇದರ ಬಗ್ಗೆ ಮೊದಲೇ ಎಚ್ಚರಿಸುತ್ತದೆ. ವಾಹನದ ಪಕ್ಕ ಕಬ್ಬಿಣದ ರಾಡ್ ನೆಟ್ಟರೆ ಸಾಕೆಂಬ ನಂಬಿಕೆ ತಪ್ಪು. ರಾಡಿನ ರೋಧ 25 ಓಮ್ ಇದ್ದರೆ 120 ವೋಲ್ಟಿನಲ್ಲಿ ಅದರ ಮೂಲಕ ಹರಿಯುವುದು 4.8 ಆಂಪಿಯರ್ ಮಾತ್ರ, 30 ಆಂಪಿಯರಿನ ಬ್ರೇಕರ್ ಅದಕ್ಕೆ ಬೀಳುವುದೇ ಇಲ್ಲ. ಅಮೆರಿಕದ ಮನೆಗಳ ಮೇನ್ ಬೋರ್ಡಿನಲ್ಲಿ ಮಾಡುವಂತೆ ಆರ್‌ವಿಯ ಬೋರ್ಡಿನೊಳಗೂ ನ್ಯೂಟ್ರಲ್, ಅರ್ತ್ ಕೂಡಿಸುವುದು ಅಷ್ಟೇ ಅಪಾಯ. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 551ನೇ ವಿಧಿಯ ಪ್ರಕಾರ ಆರ್‌ವಿಯ ಬೋರ್ಡಿನಲ್ಲಿ ಅವೆರಡೂ ಬೇರೆಯಾಗಿಯೇ ಇರಬೇಕು.

ಮನೆಯಂಗಳದಲ್ಲಿ ಆರ್‌ವಿಗೆಂದೇ ಸಾಕೆಟ್ ಹಾಕಿಸುವವರು ಮತ್ತೊಂದು ಅನಾಹುತಕ್ಕೆ ಸಿಲುಕುವುದುಂಟು. 30 ಆಂಪಿಯರಿನ ಆರ್‌ವಿ ಸಾಕೆಟ್, ಬಟ್ಟೆ ಒಣಗಿಸುವ ಯಂತ್ರದ ಹಳೆಯ ಮಾದರಿ ಸಾಕೆಟ್ಟನ್ನು ಹೋಲುತ್ತದೆ. ಆ ರೂಢಿಯಲ್ಲಿ ಎಲೆಕ್ಟ್ರಿಷಿಯನ್ ಎರಡು ಫೇಸ್ ಕೊಟ್ಟರೆ 240 ವೋಲ್ಟ್ ಒಳನುಗ್ಗಿ, ಆ ಹೊತ್ತಿಗೆ ಲೈನಿನಲ್ಲಿರುವ ಉಪಕರಣಗಳು ಸುಡುತ್ತವೆ. ಪ್ಲಗ್ ಸೇರಿಸುವ ಮೊದಲೇ ಓರೆಯಾಗಿರುವ ಎರಡು ಚಪ್ಪಟೆ ಸೀಳುಗಳ ನಡುವೆ ಮಲ್ಟಿಮೀಟರ್ ಇಟ್ಟು ಅಳೆಯಬೇಕು; ಸುಮಾರು 120 ತೋರಿಸಿದರೆ ಮಾತ್ರ ಜೋಡಿಸಬೇಕು.